ಗೇಟಿನಿಂದ ಹೊಲಗಾಲುವೆವರೆಗೆ: ಪಿಎಚ್‌ಪಿ ಸರ್ವರ್ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

ಮಳೆಗಾಲ ಬಂತೆಂದರೆ ನಾರಾಯಣಪುರದ ಸುತ್ತಲಿನ ಊರುಗಳಲ್ಲಿ ಬೆಳಿಗ್ಗೆ ಎದ್ದವರು ಕೇಳುವ ಮೊದಲ ಮಾತು ‘ಎಷ್ಟು ಬಿಟ್ಟಾರ?’ ಎಂಬುದು. ಬಸವಸಾಗರ ಜಲಾಶಯದ 30 ಗೇಟುಗಳಲ್ಲಿ ಎಷ್ಟನ್ನು ಎತ್ತಿದ್ದಾರೆ, ಕೃಷ್ಣೆಗೆ ಎಷ್ಟು ಕ್ಯೂಸೆಕ್ ಹೋಗುತ್ತಿದೆ ಎಂದು ಗೊತ್ತಾದ ಮೇಲೆಯೇ ಉಳಿದ ಕೆಲಸ. ಲಿಂಗಸುಗೂರು ಕಡೆಯ ಶೀಲಹಳ್ಳಿ ಸೇತುವೆ ದಾಟಬಹುದೋ ಇಲ್ಲವೋ, ದೇವದುರ್ಗಕ್ಕೆ ಹೂವಿನಹೆಡಗಿ ಮೇಲೆ ಹೋಗಬಹುದೋ ಸುತ್ತು ಹಾಕಬೇಕೋ, ದಂಡೆಯಲ್ಲಿರುವ ಪಂಪ್‌ಸೆಟ್ಟನ್ನು ಇವತ್ತೇ ಮೇಲೆ ತರಬೇಕೋ, ಎಲ್ಲವೂ ಆ ಒಂದು ಅಂಕಿಯ ಮೇಲೆ ನಿಂತಿರುತ್ತದೆ.

ಆ ಅಂಕಿ ಎಲ್ಲರ ಮೊಬೈಲಿಗೂ ಸುಲಭವಾಗಿ ಸಿಗಲಿ ಎಂದು ನಾವು ನಾಲ್ಕೈದು ಗೆಳೆಯರು ಒಂದು ಸಣ್ಣ ವೆಬ್ ಪುಟ ಮಾಡಿಕೊಂಡಿದ್ದೆವು. ಅಂಕಿಗಳು ನಮ್ಮವಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಿನವೂ ಪ್ರಕಟಿಸುವ ಜಲಾಶಯ ಮಟ್ಟ, ಪತ್ರಿಕೆಗಳಿಗೆ ಸಿಗುವ ಒಳಹರಿವು, ಹೊರಹರಿವು, ಇಷ್ಟನ್ನೇ ಒಬ್ಬರು ಫಾರ್ಮ್‌ನಲ್ಲಿ ತುಂಬುತ್ತಿದ್ದರು. ಗರಿಷ್ಠ ಮಟ್ಟ 492.25 ಮೀಟರ್, ಇಂದಿನ ಮಟ್ಟ ಇಷ್ಟು, ನದಿಗೆ ಇಷ್ಟು ಎಂದು ಪುಟ ತೋರಿಸುತ್ತಿತ್ತು. ದಿನಕ್ಕೆ ಐವತ್ತು ಅರವತ್ತು ಜನ ನೋಡುತ್ತಿದ್ದಾಗ ಯಾವ ತೊಂದರೆಯೂ ಇರಲಿಲ್ಲ.

ಒಂದು ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಜೋರಾಗಿ, ಆಲಮಟ್ಟಿಯಿಂದ ನೀರು ಬಂದು, ಇಲ್ಲಿಂದಲೂ ಗೇಟು ಎತ್ತಿದ ಸಂಜೆ ನಮ್ಮ ಪುಟ ನಿಂತುಹೋಯಿತು. ಬಿಳಿ ಹಾಳೆಯ ಮೇಲೆ ‘502 ಬ್ಯಾಡ್ ಗೇಟ್‌ವೇ’ ಎಂಬ ಒಂದೇ ಸಾಲು. ನದಿ ದಂಡೆಯ ಊರಿನಿಂದ ಪರಿಚಯದ ಕಾಕಾ ಒಬ್ಬರು ಫೋನ್ ಮಾಡಿದರು: ‘ತಮ್ಮಾ, ನಿಮ್ಮ ಪೇಜ್ ತೆರೀವಲ್ದು. ಎಷ್ಟು ಬಿಟ್ಟಾರ ಹೇಳು, ಮೋಟರ್ ದಂಡಿ ಮ್ಯಾಲೇ ಅದ.’ ‘ಕಾಕಾ, ಮೊದಲು ಮೋಟರ್ ಮ್ಯಾಲ ತಗೋರಿ’ ಎಂದು ಹೇಳಿ ಸರ್ವರ್ ಮುಂದೆ ಕೂತೆ. ಮೂರು ಸಲ ರೀಸ್ಟಾರ್ಟ್ ಮಾಡಿದೆ, ಸೆಟ್ಟಿಂಗ್‌ಗಳನ್ನು ಅಂದಾಜಿನ ಮೇಲೆ ಬದಲಿಸಿದೆ, ಡೇಟಾಬೇಸನ್ನು ಅನುಮಾನಿಸಿದೆ. ಎರಡು ಗಂಟೆ ಹೋಯಿತು. ಉತ್ತರ ಲಾಗ್ ಫೈಲಿನಲ್ಲಿ ಒಂದೇ ಸಾಲಿನಲ್ಲಿ ಇತ್ತು. ನಾನು ಅದನ್ನು ತೆರೆದು ನೋಡಿರಲಿಲ್ಲ.

ಪಂಚಾಯಿತಿಗೋ ಶಾಲೆಗೋ ರೈತ ಸಂಘಕ್ಕೋ ಹೀಗೆ ಒಂದು ಸಣ್ಣ ಸರ್ವರ್ ನೋಡಿಕೊಳ್ಳುವವರಿಗೆ ಆ ಎರಡು ಗಂಟೆ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಆಜ್ಞೆ ಮತ್ತು ಸೆಟ್ಟಿಂಗ್‌ಗಳ ಹೆಸರನ್ನು ನಾವು ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳುವಂತೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಹೊಡೆಯಬೇಕು. ಸೆಟ್ಟಿಂಗ್ ಹೆಸರಿನ ಪದಗಳ ನಡುವೆ ಸಾಮಾನ್ಯವಾಗಿ ಅಂಡರ್‌ಸ್ಕೋರ್ ಇರುತ್ತದೆ.

ಪುಟ ಬರುವ ದಾರಿ

ಕಾಲುವೆಯ ನೀರು ಕಂಡವರಿಗೆ ಇದು ಹೊಸದೇನಲ್ಲ. ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ 10,000 ಕ್ಯೂಸೆಕ್ ಹರಿಯಬಲ್ಲದು, ಅದು ನೀರುಣಿಸಬಲ್ಲ ಪ್ರದೇಶ 4.5 ಲಕ್ಷ ಹೆಕ್ಟೇರ್. ಆದರೆ ಕೊನೆಯಂಚಿನ ರೈತನಿಗೆ ಬೇಕಾದದ್ದು ಅವನ ಹೊಲಗಾಲುವೆಯಲ್ಲಿ ಬರುವ ನೀರು ಮಾತ್ರ. ಅದು ಬರಬೇಕಾದರೆ ಮುಖ್ಯ ಕಾಲುವೆ, ವಿತರಣಾ ಕಾಲುವೆ, ಲ್ಯಾಟರಲ್, ಹೊಲಗಾಲುವೆ, ಎಲ್ಲವೂ ಸರಿ ಇರಬೇಕು. 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದ ಈ ಕಾಲುವೆಯ ಆಧುನೀಕರಣದಲ್ಲಿ ಗೇಟುಗಳನ್ನು ದೂರದಿಂದಲೇ ಅಳೆದು ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆಗೆ ಜೋಡಿಸಿದ್ದು ಇದೇ ಕಾರಣಕ್ಕೆ. ಗೇಟುಗೇಟಿಗೂ ಅಳತೆ ಇದ್ದರೆ ನೀರು ಎಲ್ಲಿ ಕಡಿಮೆಯಾಯಿತು ಎಂದು ಹುಡುಕುತ್ತ ಇಡೀ ಕಾಲುವೆ ನಡೆಯಬೇಕಾಗುವುದಿಲ್ಲ.

ವೆಬ್ ಪುಟವೂ ಹೀಗೆಯೇ ಗೇಟು ದಾಟುತ್ತ ಬರುತ್ತದೆ. ನೋಡುಗರ ಮೊಬೈಲ್ ಮೊದಲು ನಿಮ್ಮ ಡೊಮೇನ್ ಹೆಸರನ್ನು ವಿಳಾಸವಾಗಿ ಬದಲಿಸಿಕೊಳ್ಳುತ್ತದೆ. ಆ ವಿಳಾಸದಲ್ಲಿ ವೆಬ್ ಸರ್ವರ್ ಕಾದಿರುತ್ತದೆ, ಸಾಮಾನ್ಯವಾಗಿ ಅಪಾಚೆ ಅಥವಾ ಎಂಜಿನ್-ಎಕ್ಸ್. ಕೇಳಿದ್ದು ಚಿತ್ರವೋ ಸಾದಾ ಎಚ್‌ಟಿಎಂಎಲ್ ಪುಟವೋ ಆಗಿದ್ದರೆ ಅದೇ ಕೊಟ್ಟುಬಿಡುತ್ತದೆ. ಪಿಎಚ್‌ಪಿ ಫೈಲ್ ಆಗಿದ್ದರೆ ಪಿಎಚ್‌ಪಿಯ ಕೈಗೆ ಒಪ್ಪಿಸುತ್ತದೆ. ಪಿಎಚ್‌ಪಿ ಎಂಬುದು ಎಚ್‌ಟಿಎಂಎಲ್ ಪುಟದ ನಡುವೆಯೇ ಹುದುಗಿಸಿ ಬರೆಯುವ ಭಾಷೆ. ರಾಸ್ಮಸ್ ಲೆರ್‌ಡಾರ್ಫ್ ತಮ್ಮ ಸ್ವಂತ ಪುಟಕ್ಕಾಗಿ ಬರೆದುಕೊಂಡು 1995ರಲ್ಲಿ ಎಲ್ಲರಿಗೂ ಕೊಟ್ಟದ್ದು. ಪುಟದ ಅಂದ ಎಚ್‌ಟಿಎಂಎಲ್‌ನಲ್ಲಿ ಇರುತ್ತದೆ, ‘ಇಂದಿನ ಮಟ್ಟ’ ಬರಬೇಕಾದ ಜಾಗದಲ್ಲಿ ಎರಡು ಸಾಲು ಪಿಎಚ್‌ಪಿ ಇರುತ್ತದೆ. ಆ ಎರಡು ಸಾಲು ಡೇಟಾಬೇಸಿಗೆ ಹೋಗಿ ಅಂಕಿ ತರುತ್ತವೆ.

ಹುದುಗುವ ಭಾಷೆ ಇದೊಂದೇ ಅಲ್ಲ. ಎಂಜಿನ್-ಎಕ್ಸ್ ಒಳಗೆ ಲೂವಾ ಭಾಷೆಯನ್ನು ಕೂಡಿಸುವ ಓಪನ್‌ರೆಸ್ಟಿ ಇದೆ. ನಮ್ಮ ಕನ್ನಡ ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶ ಪಿಎಚ್‌ಪಿಯದು, ಅದರ ಟೆಂಪ್ಲೇಟುಗಳೊಳಗೆ ಲೆಕ್ಕಾಚಾರ ಮಾಡುವುದು ಲೂವಾ. ಆದರೆ ಸಣ್ಣ ಸಂಸ್ಥೆಗಳ ಬಾಡಿಗೆ ಸರ್ವರ್‌ಗಳಲ್ಲಿ ಎದುರಾಗುವುದು ಹೆಚ್ಚಾಗಿ ಪಿಎಚ್‌ಪಿಯೇ. ಹಾಗಾಗಿ ಅದನ್ನೇ ಹಿಡಿದು ಹೇಳುತ್ತೇನೆ.

ನಾಲ್ಕು ಗೇಟು, ನಾಲ್ಕು ಪರೀಕ್ಷೆ

ಪುಟ ತೆರೆಯುತ್ತಿಲ್ಲ ಎಂದು ಫೋನ್ ಬಂದ ಕೂಡಲೇ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಮೊದಲು ಬೇರೆ ಊರಿನಲ್ಲಿ, ಬೇರೆ ಕಂಪನಿಯ ಸಿಮ್ ಇರುವ ಒಬ್ಬರಿಗೆ ತೆರೆದು ನೋಡಲು ಹೇಳಿ. ನಾರಾಯಣಪುರದಲ್ಲಿ ತೆರೆಯದ್ದು ಶಹಾಪುರದಲ್ಲಿ ತೆರೆದರೆ ತಪ್ಪು ನೆಟ್‌ವರ್ಕಿನದು, ನಿಮ್ಮ ಸರ್ವರಿನದಲ್ಲ. ಎಲ್ಲೂ ತೆರೆಯದಿದ್ದರೆ ಡೊಮೇನ್ ಅವಧಿ ಮುಗಿದಿದೆಯೇ ನೋಡಿ. ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಬ್ರೌಸರ್ ಹೆದರಿಸುತ್ತಿದ್ದರೆ ಪ್ರಮಾಣಪತ್ರ ಹಳೆಯದಾಗಿದೆ. ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಪ್ರಮಾಣಪತ್ರದ ಆಯುಸ್ಸು 90 ದಿನ. ಅದು ತಾನಾಗಿ ನವೀಕರಣವಾಗುತ್ತದೆ ಎಂದು ನಂಬಿ ಬಿಟ್ಟಿರುತ್ತೇವೆ. ಫೈರ್‌ವಾಲ್‌ನಲ್ಲಿ 80ನೇ ಪೋರ್ಟ್ ಮುಚ್ಚಿದ್ದರೆ ನವೀಕರಣ ಸದ್ದಿಲ್ಲದೆ ನಿಂತಿರಬಹುದು.

ಎರಡನೇ ಪರೀಕ್ಷೆಗೆ ಸರ್ವರಿನ ವೆಬ್ ಫೋಲ್ಡರ್‌ನಲ್ಲಿ ‘ನಮಸ್ಕಾರ’ ಎಂದಷ್ಟೇ ಬರೆದ ಒಂದು ಸಾದಾ ಟೆಕ್ಸ್ಟ್ ಫೈಲ್ ಇಟ್ಟು ಬ್ರೌಸರ್‌ನಲ್ಲಿ ತೆರೆಯಿರಿ. ತೆರೆದರೆ ವೆಬ್ ಸರ್ವರ್ ಆರೋಗ್ಯವಾಗಿದೆ. ಮೂರನೆಯದಕ್ಕೆ ಪಿಎಚ್‌ಪಿಯಲ್ಲಿ ಒಂದೇ ಸಾಲು ಮುದ್ರಿಸುವ ಪುಟ್ಟ ಫೈಲ್ ಇಡಿ. ಅದು ಡೇಟಾಬೇಸನ್ನು ಮುಟ್ಟಬಾರದು. ಅದೂ ತೆರೆದರೆ ಪಿಎಚ್‌ಪಿಯೂ ಸರಿ. ನಾಲ್ಕನೆಯ ಫೈಲ್ ಡೇಟಾಬೇಸಿಗೆ ಕೈಚಾಚಿ, ಸಿಕ್ಕಿತೋ ಇಲ್ಲವೋ ಎಂದಷ್ಟೇ ಹೇಳಲಿ. ಈ ಮೂರು ಫೈಲುಗಳನ್ನು ಬರೆಯಲು ಹತ್ತು ನಿಮಿಷ ಸಾಕು. ಎಲ್ಲಿ ನಿಂತಿತು ಎಂಬುದು ಎರಡೇ ನಿಮಿಷದಲ್ಲಿ ಕಾಣುತ್ತದೆ. ಕೆಲಸ ಮುಗಿದ ಮೇಲೆ ಪಿಎಚ್‌ಪಿಯ ಪರೀಕ್ಷಾ ಫೈಲುಗಳನ್ನು ಹೊರಗಿನವರಿಗೆ ಕಾಣದ ಜಾಗಕ್ಕೆ ಎತ್ತಿಡಿ.

ಮೂರನೇ ಪರೀಕ್ಷೆಯಲ್ಲಿ ಪುಟದ ಬದಲು ಪಿಎಚ್‌ಪಿ ಬರಹವೇ ಪರದೆಯ ಮೇಲೆ ಕಂಡರೆ, ಅಥವಾ ಫೈಲ್ ಡೌನ್‌ಲೋಡ್ ಆಗತೊಡಗಿದರೆ, ಕೂಡಲೇ ವೆಬ್ ಸರ್ವರನ್ನು ನಿಲ್ಲಿಸಿ. ವೆಬ್ ಸರ್ವರಿಗೂ ಪಿಎಚ್‌ಪಿಗೂ ಜೋಡಣೆ ತಪ್ಪಿದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ನಿಮ್ಮ ಡೇಟಾಬೇಸಿನ ಪಾಸ್‌ವರ್ಡ್ ಬರೆದಿರುವ ಫೈಲನ್ನು ಊರಿನವರೆಲ್ಲ ಓದಬಹುದು. ಜೋಡಣೆ ಸರಿಯಾದ ಮೇಲೆ ಆ ಪಾಸ್‌ವರ್ಡನ್ನು ಬದಲಿಸದೆ ಬಿಡಬೇಡಿ.

ಅಪಾಚೆಯಲ್ಲಿ ಈ ಜೋಡಣೆ ಎರಡು ಬಗೆ. ಪಿಎಚ್‌ಪಿಯನ್ನು ಅಪಾಚೆಯ ಹೊಟ್ಟೆಯೊಳಗೇ ಮಾಡ್ಯೂಲ್ ಆಗಿ ಇಡುವುದು ಹಳೆಯ ಪದ್ಧತಿ. ಪಿಎಚ್‌ಪಿ-ಎಫ್‌ಪಿಎಂ ಎಂಬ ಬೇರೆ ಸೇವೆಯಾಗಿ ನಡೆಸುವುದು ಈಗಿನದು. ಎಂಜಿನ್-ಎಕ್ಸ್‌ಗೆ ಎರಡನೆಯದು ಮಾತ್ರ. ಹೊಸದಾಗಿ ಶುರು ಮಾಡುವವರು ಎಫ್‌ಪಿಎಂ ಆರಿಸಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಸಾದಾ ಚಿತ್ರ ಕೊಡಲಿಕ್ಕೂ ಪಿಎಚ್‌ಪಿಯ ಭಾರ ಹೊತ್ತು ಓಡಾಡುವ ಕಷ್ಟ ಅದರಲ್ಲಿ ತಪ್ಪುತ್ತದೆ.

ಲಾಗ್ ಓದುವುದು

ಸಂಖ್ಯೆ ನೋಡಿದರೇ ಅರ್ಧ ದಾರಿ ತಿಳಿಯುತ್ತದೆ. 404 ಎಂದರೆ ಆ ಹೆಸರಿನ ಫೈಲ್ ಅಲ್ಲಿಲ್ಲ. ವಿಂಡೋಸ್‌ನಲ್ಲಿ ನಡೆಯುತ್ತಿದ್ದದ್ದು ಸರ್ವರ್‌ನಲ್ಲಿ 404 ಕೊಟ್ಟರೆ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ನೋಡಿ, ಲಿನಕ್ಸ್ ಎರಡನ್ನೂ ಬೇರೆಬೇರೆ ಎಂದೇ ತಿಳಿಯುತ್ತದೆ. 403 ಎಂದರೆ ಫೈಲ್ ಇದೆ, ಓದಲು ಅನುಮತಿ ಇಲ್ಲ. ಇಲ್ಲಿ ಬಹಳ ಜನ ಮಾಡುವ ತಪ್ಪು ಎಲ್ಲಕ್ಕೂ 777 ಅನುಮತಿ ಕೊಟ್ಟುಬಿಡುವುದು. ಅದು ಯಾರು ಬೇಕಾದರೂ ಬಂದು ಬರೆಯಲಿ ಎಂದು ಬಾಗಿಲು ತೆಗೆದಿಟ್ಟಂತೆ. ಫೋಲ್ಡರಿಗೆ 755, ಫೈಲಿಗೆ 644 ಸಾಕು. ಫೋಟೊ ಅಪ್‌ಲೋಡ್ ಆಗುವ ಒಂದು ಫೋಲ್ಡರಿಗೆ ಮಾತ್ರ ವೆಬ್ ಸರ್ವರಿನ ಬಳಕೆದಾರನನ್ನು ಒಡೆಯನಾಗಿ ಮಾಡಿದರಾಯಿತು.

500 ಎಂದರೆ ಪಿಎಚ್‌ಪಿ ಬರಹದೊಳಗೇ ಏನೋ ಮುರಿದಿದೆ. ಕೆಲವೊಮ್ಮೆ ಸಂಖ್ಯೆಯೂ ಕಾಣದೆ ಖಾಲಿ ಬಿಳಿ ಪುಟ ಬರುತ್ತದೆ. ತಪ್ಪನ್ನು ಪರದೆಯ ಮೇಲೆ ತೋರಿಸುವ ‘ಡಿಸ್‌ಪ್ಲೇ ಎರರ್ಸ್’ ಸೆಟ್ಟಿಂಗ್ ನಿಜವಾದ ಸರ್ವರ್‌ನಲ್ಲಿ ಆಫ್ ಇರಬೇಕು, ತಪ್ಪನ್ನು ಬರೆದಿಡುವ ‘ಲಾಗ್ ಎರರ್ಸ್’ ಆನ್ ಇರಬೇಕು. ಆಗ ಬಿಳಿ ಪುಟದ ಕಾರಣ ಲಾಗ್‌ನಲ್ಲಿ ಫೈಲಿನ ಹೆಸರು, ಸಾಲಿನ ಸಂಖ್ಯೆ ಸಮೇತ ಸಿಗುತ್ತದೆ. 502 ಎಂದರೆ ವೆಬ್ ಸರ್ವರ್ ಇದೆ, ಹಿಂದಿನ ಪಿಎಚ್‌ಪಿ ಮಾತಿಗೆ ಸಿಗುತ್ತಿಲ್ಲ. 504 ಎಂದರೆ ಸಿಕ್ಕಿತು, ಆದರೆ ಉತ್ತರಕ್ಕೆ ಕಾದು ಕಾದು ಸಮಯ ಮುಗಿಯಿತು.

ಉಬುಂಟುವಿನಲ್ಲಿ ಲಾಗ್‌ಗಳೆಲ್ಲ ‘ವಾರ್’ ಫೋಲ್ಡರಿನೊಳಗಿನ ‘ಲಾಗ್’ ಫೋಲ್ಡರಿನಲ್ಲಿ ಇರುತ್ತವೆ: ಅಪಾಚೆಯದು ಅದರ ಹೆಸರಿನ ಫೋಲ್ಡರಿನಲ್ಲಿ, ಎಂಜಿನ್-ಎಕ್ಸ್‌ನದು ಅದರ ಹೆಸರಿನಲ್ಲಿ, ಎಫ್‌ಪಿಎಂನದು ಪ್ರತ್ಯೇಕ ಫೈಲ್. ‘ಟೇಲ್’ ಆಜ್ಞೆಗೆ ಸಣ್ಣ ಗೆರೆ ಮತ್ತು ಎಫ್ ಸೇರಿಸಿ ಎರರ್ ಲಾಗ್ ತೆರೆದಿಟ್ಟು, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಪುಟವನ್ನು ರಿಫ್ರೆಶ್ ಮಾಡಿ. ಆ ಕ್ಷಣದಲ್ಲಿ ಬಂದು ಬೀಳುವ ಸಾಲೇ ನಿಮ್ಮ ಕಾಯಿಲೆಯ ಹೆಸರು. ಏನೂ ಬೀಳದಿದ್ದರೆ ಅದೂ ಒಂದು ಸುಳಿವು, ಬೇಡಿಕೆ ಈ ಗೇಟಿನವರೆಗೆ ಬಂದೇ ಇಲ್ಲ.

ಲಾಗ್‌ನಲ್ಲಿ ‘ಡಿವೈಸ್‌ನಲ್ಲಿ ಜಾಗವಿಲ್ಲ’ ಎಂಬರ್ಥದ ಸಾಲು ಕಂಡರೆ ಡಿಸ್ಕ್ ತುಂಬಿದೆ. ವರ್ಷಗಟ್ಟಲೆಯ ಹಳೆಯ ಲಾಗ್, ಹಳೆಯ ಬ್ಯಾಕಪ್ ಸೇರಿ ತುಂಬಿರುತ್ತದೆ. ಡೇಟಾಬೇಸ್ ಬರೆಯಲಾಗದೆ ನಿಲ್ಲುತ್ತದೆ, ನಾವು ಪಿಎಚ್‌ಪಿಯನ್ನು ಬೈಯುತ್ತ ಕೂತಿರುತ್ತೇವೆ.

ಇನ್ನು 502ರ ಒಂದು ಖಾಯಂ ಕಾರಣ. ಎಂಜಿನ್-ಎಕ್ಸ್‌ಗೂ ಎಫ್‌ಪಿಎಂಗೂ ಮಾತುಕತೆ ನಡೆಯುವುದು ಒಂದು ಸಾಕೆಟ್ ಫೈಲಿನ ಮೂಲಕ. ಆ ಫೈಲಿನ ಹೆಸರಿನಲ್ಲೇ ಪಿಎಚ್‌ಪಿಯ ಆವೃತ್ತಿ ಇರುತ್ತದೆ. ಉಬುಂಟು 22.04ರಲ್ಲಿ ಪಿಎಚ್‌ಪಿ 8.1, 24.04ರಲ್ಲಿ 8.3. ಸರ್ವರನ್ನು ಮೇಲ್ದರ್ಜೆಗೆ ಏರಿಸಿದ ದಿನ ಸಾಕೆಟ್ ಹೆಸರು ಬದಲಾಯಿತು, ಎಂಜಿನ್-ಎಕ್ಸ್ ಮಾತ್ರ ಹಳೆಯ ಹೆಸರನ್ನೇ ಕೂಗುತ್ತಿರುತ್ತದೆ. ಕಾನ್ಫಿಗರೇಶನ್‌ನಲ್ಲಿ ಒಂದು ಅಂಕಿ ತಿದ್ದಿದರೆ ಮುಗಿಯಿತು. ಹಳೆಯ ಬರಹಗಳಿಗೆ ಇನ್ನೊಂದು ಪೆಟ್ಟೂ ಇದೆ: ಮೈಎಸ್‌ಕ್ಯುಎಲ್ ಡೇಟಾಬೇಸಿಗೆ ನೇರ ಮಾತಾಡುತ್ತಿದ್ದ ಹಳೆಯ ಫಂಕ್ಷನ್‌ಗಳನ್ನು ಪಿಎಚ್‌ಪಿ 7ರಲ್ಲೇ ತೆಗೆದುಹಾಕಿದ್ದಾರೆ. ಅವನ್ನು ಪಿಎಚ್‌ಪಿಯ ಪಿಡಿಒ ಅಥವಾ ಮೈಎಸ್‌ಕ್ಯುಎಲ್‌ಐ ವಿಸ್ತರಣೆಗೆ ಬದಲಿಸದೆ ಬೇರೆ ದಾರಿಯಿಲ್ಲ. ಬದಲಿಸುವಾಗ ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್’ ಬಳಸಿ, ಫಾರ್ಮ್ ಮೂಲಕ ಡೇಟಾಬೇಸಿಗೆ ಕನ್ನ ಹಾಕುವವರ ಕಾಟವೂ ತಪ್ಪುತ್ತದೆ.

ಬದಲಿಸಿದ್ದು ಹತ್ತದಿದ್ದರೆ

ಪಿಎಚ್‌ಪಿಯ ಸೆಟ್ಟಿಂಗ್‌ಗಳು ‘ಪಿಎಚ್‌ಪಿ ಡಾಟ್ ಐಎನ್‌ಐ’ ಎಂಬ ಫೈಲಿನಲ್ಲಿ ಇರುತ್ತವೆ. ಆದರೆ ಅಂಥ ಫೈಲ್ ಒಂದಲ್ಲ. ಟರ್ಮಿನಲ್‌ನಿಂದ ಓಡುವ ಪಿಎಚ್‌ಪಿಗೆ ಒಂದು, ಎಫ್‌ಪಿಎಂಗೆ ಒಂದು, ಅಪಾಚೆಯ ಮಾಡ್ಯೂಲಿಗೆ ಮತ್ತೊಂದು. ಒಂದನ್ನು ತಿದ್ದಿ ಇನ್ನೊಂದರ ಫಲಕ್ಕಾಗಿ ಕಾಯುವವರನ್ನು ಎಷ್ಟೋ ಸಲ ನೋಡಿದ್ದೇನೆ. ‘ಪಿಎಚ್‌ಪಿ ಇನ್ಫೋ’ ಎಂಬ ಫಂಕ್ಷನ್ ಇರುವ ಒಂದು ಪುಟ ತೆರೆದರೆ ‘ಲೋಡೆಡ್ ಕಾನ್ಫಿಗರೇಶನ್ ಫೈಲ್’ ಎಂಬ ಸಾಲಿನಲ್ಲಿ ಯಾವ ಫೈಲ್ ಓದಿದ್ದೇನೆ ಎಂದು ಪಿಎಚ್‌ಪಿಯೇ ಹೇಳುತ್ತದೆ. ನೋಡಿಕೊಂಡ ಕೂಡಲೇ ಆ ಪುಟ ಅಳಿಸಿ, ನಿಮ್ಮ ಸರ್ವರಿನ ಇಡೀ ಜಾತಕ ಅದರಲ್ಲಿದೆ. ತಿದ್ದಿದ ಮೇಲೆ ಎಫ್‌ಪಿಎಂ ಸೇವೆಯನ್ನು ರೀಸ್ಟಾರ್ಟ್ ಮಾಡಬೇಕು, ಎಂಜಿನ್-ಎಕ್ಸ್ ಒಂದನ್ನೇ ಮಾಡಿದರೆ ಸಾಲದು.

ಎಂಜಿನ್-ಎಕ್ಸ್‌ನ ಫೈಲ್ ತಿದ್ದಿದಾಗ ಮೊದಲು ಅದರ ಹೆಸರಿನ ಮುಂದೆ ಗೆರೆ ಮತ್ತು ಟಿ ಸೇರಿಸಿ ಪರೀಕ್ಷೆ ಮಾಡಿಸಿ, ಅಪಾಚೆಗೆ ‘ಕಾನ್ಫಿಗ್‌ಟೆಸ್ಟ್’ ಇದೆ. ಸರಿ ಎಂದ ಮೇಲೆ ‘ರೀಲೋಡ್’. ಒಂದು ಅರ್ಧವಿರಾಮ ಬಿಟ್ಟುಹೋದ ಫೈಲನ್ನು ಹಾಗೇ ರೀಸ್ಟಾರ್ಟ್ ಮಾಡಿದರೆ ನಡೆಯುತ್ತಿದ್ದ ಸರ್ವರೂ ನಿಂತುಹೋಗುತ್ತದೆ.

ಒಂದೇ ಕಡೆ ಬದಲಿಸಿದರೆ ಸಾಲದು ಎಂಬುದಕ್ಕೆ ಫೋಟೊ ಅಪ್‌ಲೋಡ್ ಒಳ್ಳೆಯ ಉದಾಹರಣೆ. ಸೇತುವೆ ಮುಳುಗಿದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದರೆ 4 ಎಂಬಿ ಆಗುತ್ತದೆ. ಎಂಜಿನ್-ಎಕ್ಸ್ ಮೂಲತಃ ಬಿಡುವುದು 1 ಎಂಬಿ. ಅದನ್ನು ಮೀರಿದರೆ 413 ಎಂದು ಬಾಗಿಲಲ್ಲೇ ತಡೆಯುತ್ತದೆ. ‘ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್’ ಹೆಚ್ಚಿಸಿದರೆ ಮುಂದಿನ ಗೇಟು ಪಿಎಚ್‌ಪಿಯ ‘ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್’, ಅದರ ಮೂಲ ಮಿತಿ 2 ಎಂಬಿ. ಅದರಾಚೆ ‘ಪೋಸ್ಟ್ ಮ್ಯಾಕ್ಸ್ ಸೈಜ್’, 8 ಎಂಬಿ. ಇದನ್ನು ಮೀರಿದಾಗ ಪಿಎಚ್‌ಪಿ ಫಾರ್ಮ್‌ನಲ್ಲಿ ತುಂಬಿದ್ದೆಲ್ಲವನ್ನೂ ಖಾಲಿ ಮಾಡಿ ಮುಂದೆ ಕಳಿಸುತ್ತದೆ, ನಿಮ್ಮ ಪುಟ ‘ಹೆಸರು ತುಂಬಿಲ್ಲ’ ಎಂದು ದೂರುತ್ತದೆ. ತುಂಬಿದವರಿಗೆ ತಲೆ ಕೆಡುತ್ತದೆ. ಮೂರೂ ಗೇಟುಗಳನ್ನು ಒಟ್ಟಿಗೆ, ಒಂದಕ್ಕೊಂದು ಹೊಂದುವಂತೆ ಎತ್ತಬೇಕು.

ಕನ್ನಡ ಕೆಡುವ ಬಗೆಗಳು

ಕನ್ನಡದ ಪುಟ ನಡೆಸುವವರಿಗೆ ಇದು ಬಹಳ ಮುಖ್ಯ. ಇಂಗ್ಲಿಷ್ ಪುಟಗಳಿಗಾಗಿ ಬರೆದ ಮಾರ್ಗದರ್ಶಿಗಳಲ್ಲಿ ಇದು ಸಿಗುವುದೂ ಕಡಿಮೆ.

‘ನಾರಾಯಣಪುರ’ ಎಂಬ ಪದವನ್ನೇ ತೆಗೆದುಕೊಳ್ಳಿ. ನಮ್ಮ ಲೆಕ್ಕದಲ್ಲಿ ಅದು ಆರು ಅಕ್ಷರ: ನಾ, ರಾ, ಯ, ಣ, ಪು, ರ. ಯುನಿಕೋಡ್ ಲೆಕ್ಕದಲ್ಲಿ ಒಂಬತ್ತು. ನಾ, ರಾ, ಪು ಈ ಮೂರರ ಸ್ವರಚಿಹ್ನೆಗಳು ಬೇರೆಯಾಗಿ ಎಣಿಕೆಯಾಗುತ್ತವೆ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದಕ್ಕೂ ಮೂರು ಬೈಟ್ ಬೇಕು, ಹಾಗಾಗಿ ಸರ್ವರಿನ ಡಿಸ್ಕ್‌ನಲ್ಲಿ ಅದು 27 ಬೈಟ್. ಪಿಎಚ್‌ಪಿಯ ಹಳೆಯ ‘ಸ್ಟ್ರ್‌ಲೆನ್’ 27 ಎನ್ನುತ್ತದೆ, ‘ಎಂಬಿ ಸ್ಟ್ರ್‌ಲೆನ್’ 9 ಎನ್ನುತ್ತದೆ, ‘ಗ್ರಾಫೀಮ್ ಸ್ಟ್ರ್‌ಲೆನ್’ ಮಾತ್ರ ನಮ್ಮ ಹಾಗೆ 6 ಎನ್ನುತ್ತದೆ. ಶೀರ್ಷಿಕೆಯನ್ನು 20ಕ್ಕೆ ಕತ್ತರಿಸು ಎಂದು ‘ಸಬ್‌ಸ್ಟ್ರ್’ಗೆ ಹೇಳಿದರೆ ಅದು 20 ಬೈಟ್ ಎಣಿಸಿ ಏಳನೆಯ ಅಕ್ಷರಚಿಹ್ನೆಯ ನಡು ಮುರಿಯುತ್ತದೆ. ಪರದೆಯಲ್ಲಿ ಕೊನೆಗೆ ಕಪ್ಪು ವಜ್ರದೊಳಗೊಂದು ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಕತ್ತರಿಸುವ ಕಡೆಯೆಲ್ಲ ‘ಗ್ರಾಫೀಮ್ ಸಬ್‌ಸ್ಟ್ರ್’ ಬಳಸಿ. ಇದಕ್ಕೆ ‘ಇಂಟ್ಲ್’ ಎಂಬ ವಿಸ್ತರಣೆ, ಎಂಬಿ ಫಂಕ್ಷನ್‌ಗಳಿಗೆ ‘ಎಂಬಿಸ್ಟ್ರಿಂಗ್’ ವಿಸ್ತರಣೆ ಬೇಕು. ಉಬುಂಟುವಿನಲ್ಲಿ ಎರಡನ್ನೂ ಬೇರೆಯಾಗಿ ಹಾಕಿಕೊಳ್ಳಬೇಕು. ಲಾಗ್‌ನಲ್ಲಿ ‘ಕಾಲ್ ಟು ಅನ್‌ಡಿಫೈನ್ಡ್ ಫಂಕ್ಷನ್’ ಎಂದು ಬಂದು ಮುಂದೆ ಎಂಬಿ ಎಂದಿದ್ದರೆ ಆ ಪ್ಯಾಕೇಜ್ ಇಲ್ಲ ಎಂದರ್ಥ.

ಕನ್ನಡದ ಬದಲು ಬೇರೇನೋ ಕಂಡಾಗ ಅದು ಏನು ಎಂದು ಹತ್ತಿರದಿಂದ ನೋಡಿ. ಮೂರು ಬಗೆಯ ಕೇಡುಗಳಿವೆ, ಮೂರಕ್ಕೂ ಮದ್ದು ಬೇರೆ.

ತಲೆಯ ಮೇಲೆ ಓರೆ ಗೆರೆ ಇರುವ ಇಂಗ್ಲಿಷ್ ಸಣ್ಣ ಎ ಅಕ್ಷರ, ಪಕ್ಕದಲ್ಲಿ ಮೇಲಕ್ಕೆ ಬರೆದ ಪುಟ್ಟ 2, ಮತ್ತೆ ಅದೇ ಎ, ಮತ್ತೆ ಪುಟ್ಟ 2, ನಡುನಡುವೆ ಪುಟ್ಟ 3, ಹೀಗೆ ಸಾಲುಸಾಲು ಕಂಡರೆ ನಿಮ್ಮ ಕನ್ನಡ ಸುರಕ್ಷಿತವಾಗಿದೆ. ಯುಟಿಎಫ್-8ನಲ್ಲಿ ಇರುವುದನ್ನು ಯಾರೋ ಹಳೆಯ ಯುರೋಪಿನ ಅಕ್ಷರಪಟ್ಟಿಯಂತೆ ಓದುತ್ತಿದ್ದಾರೆ, ಅಷ್ಟೇ. ‘ನಾರಾಯಣಪುರ’ ಹೀಗೆ ಕೆಟ್ಟಾಗ ಎಂಟು ಪುಟ್ಟ 2, ಒಂದು ಪುಟ್ಟ 3 ಬರುತ್ತದೆ. ಆ ಮೂರು ಬರುವುದು ‘ಪು’ವಿನ ಕೊಂಬಿನಿಂದ. ಪುಟದ ಹೆಡರ್‌ನಲ್ಲಿ ಯುಟಿಎಫ್-8 ಎಂದು ಸಾರಿದ್ದೀರಾ, ಡೇಟಾಬೇಸ್ ಸಂಪರ್ಕದ ಸಾಲಿನಲ್ಲಿ ‘ಯುಟಿಎಫ್8ಎಂಬಿ4’ ಎಂದು ಹೇಳಿದ್ದೀರಾ ನೋಡಿ.

ಅಕ್ಷರಗಳ ಜಾಗದಲ್ಲೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಇದ್ದರೆ ಕೇಡು ದೊಡ್ಡದು. ಕನ್ನಡ ತಿಳಿಯದ ಅಕ್ಷರಪಟ್ಟಿಯ ಡೇಟಾಬೇಸಿಗೆ ಬರೆಯುವಾಗಲೇ ಅದು ಅಳಿಸಿಹೋಗಿದೆ. ಬ್ಯಾಕಪ್ ಇದ್ದರೆ ಮಾತ್ರ ವಾಪಸು ಬರುತ್ತದೆ. ಹೊಸದಾಗಿ ಡೇಟಾಬೇಸ್ ಮಾಡುವಾಗಲೇ ಯುಟಿಎಫ್8ಎಂಬಿ4 ಆರಿಸಿ. ಮೈಎಸ್‌ಕ್ಯುಎಲ್‌ನ ಹಳೆಯ ‘ಯುಟಿಎಫ್8’ ಮೂರು ಬೈಟ್‌ವರೆಗೆ ಮಾತ್ರ ಹಿಡಿಯುತ್ತದೆ. ಕನ್ನಡ ಅದರಲ್ಲಿ ಹಿಡಿಸುತ್ತದೆ, ಜನ ಪ್ರತಿಕ್ರಿಯೆಯಲ್ಲಿ ಹಾಕುವ ಕೈಮುಗಿದ ಇಮೋಜಿ ಹಿಡಿಸುವುದಿಲ್ಲ.

ಮೂರನೆಯದು ಸರ್ವರಿನ ತಪ್ಪೇ ಅಲ್ಲ. ಪ್ರಕಟಣೆಯೊಂದನ್ನು ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ಕಳಿಸಿರುತ್ತಾರೆ. ಫಾಂಟ್ ತೆಗೆದರೆ ಒಳಗಿರುವುದು ಇಂಗ್ಲಿಷ್ ಅಕ್ಷರಗಳೇ. ಅದನ್ನು ಹಾಗೆಯೇ ಪುಟಕ್ಕೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಕಾಣುತ್ತದೆ. ಸರ್ವರಿನಲ್ಲಿ ಏನು ಬದಲಿಸಿದರೂ ಇದು ಸರಿಯಾಗದು. ಪಠ್ಯವನ್ನೇ ಯುನಿಕೋಡ್‌ಗೆ ಪರಿವರ್ತಿಸಿ ಅಂಟಿಸಬೇಕು, ಪರಿವರ್ತನೆಯಾದ ಮೇಲೆ ಒಮ್ಮೆ ಓದಿ ನೋಡಬೇಕು. ಒತ್ತಕ್ಷರ, ಅರ್ಕಾವತ್ತುಗಳು ಜಾಗ ತಪ್ಪುವುದುಂಟು.

ಇನ್ನೊಂದು ಸಣ್ಣದು, ಆದರೆ ಅರ್ಧ ದಿನ ತಿನ್ನುವಂಥದ್ದು. ಹಳೆಯ ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಕನ್ನಡ ಇರುವ ಪಿಎಚ್‌ಪಿ ಫೈಲನ್ನು ಯುಟಿಎಫ್-8 ಎಂದು ಉಳಿಸಿದರೆ ಫೈಲಿನ ಮೊದಲಿಗೆ ಕಣ್ಣಿಗೆ ಕಾಣದ ಮೂರು ಬೈಟ್ ಸೇರಿಕೊಳ್ಳುತ್ತದೆ. ಅದಕ್ಕೆ ಬಾಮ್ ಎನ್ನುತ್ತಾರೆ. ಪಿಎಚ್‌ಪಿ ಅದನ್ನು ಪುಟದ ಮೊದಲ ಅಕ್ಷರವೆಂದೇ ಕಳಿಸಿಬಿಡುತ್ತದೆ. ಆಮೇಲೆ ಲಾಗಿನ್ ಕೆಲಸ ಮಾಡುವುದಿಲ್ಲ, ಲಾಗ್‌ನಲ್ಲಿ ‘ಹೆಡರ್ಸ್ ಆಲ್‌ರೆಡಿ ಸೆಂಟ್’ ಎಂದು ಬರುತ್ತದೆ. ಫೈಲನ್ನು ಎಷ್ಟು ಸಲ ಓದಿದರೂ ತಪ್ಪು ಕಾಣುವುದಿಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಂಥ ಎಡಿಟರ್‌ನಲ್ಲಿ ‘ಬಾಮ್ ಇಲ್ಲದ ಯುಟಿಎಫ್-8’ ಎಂದು ಉಳಿಸಿದರೆ ಮಾಯವಾಗುತ್ತದೆ.

ಗಡಿಯಾರ

ಬಾಡಿಗೆ ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿ ಇರುತ್ತದೆ, ನಮಗಿಂತ ಐದೂವರೆ ತಾಸು ಹಿಂದೆ. ಪಿಎಚ್‌ಪಿಗೆ ಬೇರೆ ಹೇಳದಿದ್ದರೆ ಅದೂ ಯುಟಿಸಿಯನ್ನೇ ಹಿಡಿಯುತ್ತದೆ. ಬೆಳಿಗ್ಗೆ 6ಕ್ಕೆ ತುಂಬಿದ ಹೊರಹರಿವು ಪುಟದಲ್ಲಿ ರಾತ್ರಿ 12.30ರದು ಎಂದು ಕಾಣುತ್ತದೆ. ನೋಡಿದವರು ‘ಇದು ಹಳೇದು’ ಎಂದು ಬಿಟ್ಟುಬಿಡಬಹುದು. ಬೇರೆ ಪುಟಗಳಿಗೆ ಇದು ಸಣ್ಣ ತಪ್ಪಾಗಿರಬಹುದು, ನದಿ ದಂಡೆಯವರಿಗೆ ಸಣ್ಣದಲ್ಲ. ಐಎನ್‌ಐ ಫೈಲಿನಲ್ಲಿ ‘ಡೇಟ್ ಡಾಟ್ ಟೈಮ್‌ಝೋನ್’ ಎದುರು ‘ಏಷ್ಯಾ, ಓರೆಗೆರೆ, ಕೋಲ್ಕತಾ’ ಎಂದು ಹಾಕಿ. ಡೇಟಾಬೇಸಿಗೆ ಅದರದೇ ಗಡಿಯಾರ ಇರುತ್ತದೆ, ಅದು ಬರೆಯುವ ಸಮಯಕ್ಕೂ ಪಿಎಚ್‌ಪಿ ತೋರಿಸುವ ಸಮಯಕ್ಕೂ ತಾಳೆ ನೋಡಿ.

ಪ್ರವಾಹದ ದಿನ

ಆ ಸಂಜೆಯ 502ಕ್ಕೆ ಬರುತ್ತೇನೆ. ಎಫ್‌ಪಿಎಂನ ಲಾಗ್‌ನಲ್ಲಿ ಇದ್ದ ಸಾಲು ಇದು: ಸರ್ವರ್ ‘ಮ್ಯಾಕ್ಸ್ ಚಿಲ್ಡ್ರನ್’ ಮಿತಿಯನ್ನು ಮುಟ್ಟಿದೆ, ಮಿತಿ 5, ಹೆಚ್ಚಿಸುವುದನ್ನು ಪರಿಶೀಲಿಸಿ.

ಎಫ್‌ಪಿಎಂ ಒಂದೊಂದು ಬೇಡಿಕೆಗೂ ಒಬ್ಬ ಕೆಲಸಗಾರನನ್ನು ಕೊಡುತ್ತದೆ. ಉಬುಂಟುವಿನಲ್ಲಿ ಹಾಕಿದ ಹಾಗೇ ಬಿಟ್ಟರೆ ಅಂಥವರು ಐದೇ ಜನ. ಆರನೆಯವನು ಸಾಲಿನಲ್ಲಿ ನಿಲ್ಲಬೇಕು. ಸಾಲೂ ತುಂಬಿದ ಮೇಲೆ ಬಂದವರಿಗೆ 502, ಸಾಲಿನಲ್ಲಿ 60 ಸೆಕೆಂಡ್ ನಿಂತು ಹೋದವರಿಗೆ 504. ಅಣೆಕಟ್ಟೆಗೆ 30 ಗೇಟು, ನಮ್ಮ ಪುಟಕ್ಕೆ ಐದು.

ಹಾಗೆಂದು ಐದನ್ನು ಐವತ್ತು ಮಾಡಿದರೆ ಆಗದು. ಒಂದು ಜಿಬಿ ಮೆಮೊರಿಯ ಸರ್ವರ್ ಎಂದುಕೊಳ್ಳಿ. ಆಪರೇಟಿಂಗ್ ಸಿಸ್ಟಮ್ಮಿಗೆ 200 ಎಂಬಿ, ಮೈಎಸ್‌ಕ್ಯುಎಲ್‌ಗೆ 400 ಎಂಬಿ ಹೋದರೆ ಉಳಿಯುವುದು ಸುಮಾರು 400. ಒಬ್ಬ ಪಿಎಚ್‌ಪಿ ಕೆಲಸಗಾರ 40 ಎಂಬಿ ತಿಂದರೆ ಹತ್ತು ಜನಕ್ಕೆ ಜಾಗ. ಮೀರಿದರೆ ಮೆಮೊರಿ ಮುಗಿದು, ಲಿನಕ್ಸ್ ಎಲ್ಲಕ್ಕಿಂತ ದಪ್ಪಗಿರುವುದನ್ನು ಹಿಡಿದು ಕೊಲ್ಲುತ್ತದೆ, ಅದು ಹೆಚ್ಚಾಗಿ ಮೈಎಸ್‌ಕ್ಯುಎಲ್ಲೇ ಆಗಿರುತ್ತದೆ. ನಿಮ್ಮ ಸರ್ವರ್‌ನಲ್ಲಿ ಒಬ್ಬೊಬ್ಬ ಕೆಲಸಗಾರ ಎಷ್ಟು ತಿನ್ನುತ್ತಾನೆ ಎಂದು ‘ಟಾಪ್’ ಆಜ್ಞೆಯಲ್ಲಿ ನೋಡಿ ಲೆಕ್ಕ ಹಾಕಿ. ಜೊತೆಗೆ ಎಫ್‌ಪಿಎಂನ ‘ಸ್ಲೋ ಲಾಗ್’ ಚಾಲೂ ಮಾಡಿ ಮಿತಿಯನ್ನು ಮೂರು ಸೆಕೆಂಡ್ ಎಂದಿಡಿ, ಅದನ್ನು ಮೀರಿದ ಬೇಡಿಕೆ ಯಾವ ಸಾಲಿನಲ್ಲಿ ನಿಂತಿತ್ತು ಎಂದು ಅದು ಬರೆದಿಡುತ್ತದೆ. ನಮ್ಮದರಲ್ಲಿ ದಿನಾಂಕದ ಕಾಲಮ್ಮಿಗೆ ಇಂಡೆಕ್ಸ್ ಇರಲಿಲ್ಲ. ಇಂದಿನ ಒಂದು ಅಂಕಿಗಾಗಿ ಎಲ್ಲ ವರ್ಷಗಳ ಸಾಲುಗಳನ್ನೂ ಪ್ರತಿಸಲ ಓದುತ್ತಿತ್ತು.

ಇಷ್ಟೆಲ್ಲ ಮಾಡಿದ ಮೇಲೂ ನನಗೆ ಅನ್ನಿಸಿದ್ದು, ಪ್ರವಾಹದ ದಿನ ಬೇಕಾಗುವ ಪುಟ ಪಿಎಚ್‌ಪಿಯನ್ನು ಎಬ್ಬಿಸಲೇಬಾರದು. ಅಂಕಿ ಬದಲಾಗುವುದು ಕೆಲವು ತಾಸಿಗೊಮ್ಮೆ. ನೋಡುವವರು ಸಾವಿರ ಜನ. ಸಾವಿರ ಸಲ ಅದೇ ಅಂಕಿಯನ್ನು ಡೇಟಾಬೇಸಿನಿಂದ ತರುವ ಬದಲು, ಯಾರಾದರೂ ಫಾರ್ಮ್ ತುಂಬಿ ಉಳಿಸಿದಾಗ ಪಿಎಚ್‌ಪಿ ಒಮ್ಮೆ ಓಡಿ ಸಾದಾ ಎಚ್‌ಟಿಎಂಎಲ್ ಪುಟವೊಂದನ್ನು ಬರೆದಿಟ್ಟರೆ ಸಾಕು. ಅದನ್ನು ಎಂಜಿನ್-ಎಕ್ಸ್ ನೇರವಾಗಿ ಕೊಡುತ್ತದೆ, ಆ ಸಣ್ಣ ಸರ್ವರೇ ಸಾವಿರಾರು ಜನರನ್ನು ತಡೆದುಕೊಳ್ಳುತ್ತದೆ. ಬರೆಯುವಾಗ ಒಂದು ಎಚ್ಚರ: ನೇರವಾಗಿ ಆ ಪುಟದ ಮೇಲೇ ಬರೆಯಬೇಡಿ, ಅರ್ಧ ಬರೆದಿರುವಾಗ ಯಾರಾದರೂ ತೆರೆದರೆ ಅರ್ಧ ಪುಟ ಸಿಗುತ್ತದೆ. ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಆಮೇಲೆ ‘ರೀನೇಮ್’ ಮಾಡಿ.

ಬರೆದಿಟ್ಟ ಪುಟಕ್ಕೆ ಒಂದು ಅಪಾಯವೂ ಇದೆ. ಸರ್ವರಿನ ಉಳಿದ ಭಾಗ ಸತ್ತರೂ ಅದು ಹಳೆಯ ಅಂಕಿಯನ್ನು ಶಾಂತವಾಗಿ ತೋರಿಸುತ್ತಿರುತ್ತದೆ. ಹಾಗಾಗಿ ಅಂಕಿಯಷ್ಟೇ ದೊಡ್ಡ ಅಕ್ಷರದಲ್ಲಿ ‘ಇದು ಇಂಥ ದಿನ, ಇಷ್ಟು ಗಂಟೆಯ ಮಾಹಿತಿ’ ಎಂದು ಬರೆದಿರಬೇಕು. ಕೆಳಗೆ ಜಿಲ್ಲಾ ತುರ್ತು ಸಹಾಯವಾಣಿ 1077 ಇರಬೇಕು, ಒತ್ತಿದರೆ ಕರೆ ಹೋಗುವ ಹಾಗೆ.

ಈಗ ನಾವು ಪ್ರತಿ ವರ್ಷ ಮೇ ಕೊನೆಗೆ ಒಂದು ದಿನ ಕೂತು ನೋಡುತ್ತೇವೆ. ಡಿಸ್ಕ್‌ನಲ್ಲಿ ಜಾಗ ಎಷ್ಟಿದೆ, ಪ್ರಮಾಣಪತ್ರ ಎಂದಿನವರೆಗೆ, ಬ್ಯಾಕಪ್‌ನಿಂದ ನಿಜವಾಗಿ ವಾಪಸು ತರಲು ಆಗುತ್ತದೆಯೇ, ಪಾಸ್‌ವರ್ಡ್ ಇಬ್ಬರಿಗಾದರೂ ಗೊತ್ತಿದೆಯೇ. ‘ಅಪಾಚೆ ಬೆಂಚ್’ನಿಂದ ಒಮ್ಮೆಗೇ ಇನ್ನೂರು ಬೇಡಿಕೆ ಕಳಿಸಿ ಲಾಗ್ ನೋಡುತ್ತೇವೆ. ಕೊನೆಯದಾಗಿ, ಬೇಕೆಂದೇ ಎಫ್‌ಪಿಎಂ ಸೇವೆಯನ್ನು ನಿಲ್ಲಿಸುತ್ತೇವೆ. ಮೊದಲ ಸಲ ಹೀಗೆ ನಿಲ್ಲಿಸಿದಾಗ ಆ ಕಾಕಾಗೇ ಫೋನ್ ಮಾಡಿ ಪುಟ ತೆರೆದು ನೋಡಲು ಹೇಳಿದೆ. ‘ತೆರೀತದಲ್ಲೋ ತಮ್ಮಾ. ಮುಂಜಾನೆ ಆರಕ್ಕಿಂದು ಅಂತ ಬರದಾದ’ ಅಂದರು. ಎಫ್‌ಪಿಎಂ ಮತ್ತೆ ಚಾಲೂ ಮಾಡಿದೆ.